ಪೆಟ್ಟಿಗೆಗೂ ಒಂದು ಸೋಮವಾರ

ಬೇಕಾದ ಸಿನಿಮಾವನ್ನು ಬೇಕಾದಾಗ ಮನೆಯಲ್ಲೇ ಕೂತು ನೋಡಬಹುದು ಎಂಬ ಮಾತನ್ನು ನಾನು ನಂಬಿದೆ. ನಂಬಿದ್ದು ದೊಡ್ಡ ವಿಷಯವಲ್ಲ, ಎಂಥೆಂಥದನ್ನೋ ನಂಬಿಕೊಂಡು ಇಲ್ಲಿಯವರೆಗೆ ಬಂದವನು ನಾನು. ಆದರೆ ನಂಬಿದ್ದನ್ನು ಬೀಗರ ಮುಂದೆ ಹೇಳಿಬಿಟ್ಟೆ ನೋಡಿ, ತಾಪತ್ರಯ ಶುರುವಾದದ್ದು ಅಲ್ಲಿಂದ.

ಮೊದಲು ನಮ್ಮ ಮನೆಯ ಟಿವಿಯ ಸಂಸಾರ ಹೇಳಬೇಕು. ಮಾಳಿಗೆಯ ಮೇಲೆ ಒಂದು ಛತ್ರಿ ಇದೆ. ಉಪಗ್ರಹದ ಕಡೆ ಮುಖ ಮಾಡಿ ಕೂತ ಆ ತಟ್ಟೆಗೆ ನಮ್ಮ ಕಡೆ ಛತ್ರಿ ಅನ್ನುತ್ತಾರೆ. ಮಳೆ ಬಂದರೆ ಅದರ ಕೆಳಗೆ ಯಾರೂ ನಿಲ್ಲಲಾರರು, ಮಳೆ ಬಂದರೆ ಅದೂ ಕೆಲಸ ಮಾಡಲಾರದು, ಆದರೂ ಹೆಸರು ಛತ್ರಿ. ಹಳೆಯ ಪೆಟ್ಟಿಗೆ ಇದ್ದಾಗ ಆಕಾಶ ಏನು ಕೊಟ್ಟಿತೋ ಅದನ್ನು ನೋಡುತ್ತಿದ್ದೆವು. ಆಯ್ಕೆಯ ಗೊಡವೆ ಇರಲಿಲ್ಲ. ಹೊಸ ಪೆಟ್ಟಿಗೆ ಹಾಗಲ್ಲ. ಅದು ಒಂದು ಕೈಯಿಂದ ಆಕಾಶದ್ದನ್ನು ಇಸಿದುಕೊಳ್ಳುತ್ತದೆ, ಇನ್ನೊಂದು ಕೈಯಿಂದ ಮನೆಯ ಇಂಟರ್ನೆಟ್ಟನ್ನು ಹಿಡಿದುಕೊಂಡು ನಾವು ಕೇಳಿದ ಸಿನಿಮಾವನ್ನು ಎಲ್ಲಿಂದಲೋ ತಂದು ಹೊಟ್ಟೆಯೊಳಗೆ ಇಟ್ಟುಕೊಳ್ಳುತ್ತದೆ. ಪಟ್ಟಿಯಲ್ಲಿ ಸಿನಿಮಾ ಆರಿಸಿ, ಬಾಡಿಗೆ ಕಟ್ಟಿ, ಗುಂಡಿ ಒತ್ತಿದರೆ ಆಯಿತು. ಅದು ಡೌನ್‌ಲೋಡ್ ಮಾಡುತ್ತದೆ, ನಾವು ಕಾಯುತ್ತೇವೆ. ಬೇಕಾದಾಗ ಎಂಬ ಮಾತಿನ ಅರ್ಥ ಗುಂಡಿ ಬೇಕಾದಾಗ ಒತ್ತಬಹುದು ಎಂದಷ್ಟೇ ಎಂಬುದು ನನಗೆ ಆಮೇಲೆ ತಿಳಿಯಿತು.

ಉಪಗ್ರಹಕ್ಕೆ ಗಡಿ ಗೊತ್ತಿಲ್ಲ ಎಂದು ನಾನು ಬಹಳ ದಿನ ತತ್ವ ಹೇಳಿಕೊಂಡು ತಿರುಗಿದ್ದೆ. ಅಷ್ಟು ಎತ್ತರದಿಂದ ನೋಡಿದರೆ ಮಹಾರಾಷ್ಟ್ರದ ಉಮರ್ಗಾ ಯಾವುದು, ಕರ್ನಾಟಕದ ಬಸವಕಲ್ಯಾಣ ಯಾವುದು? ಆದರೆ ಪೆಟ್ಟಿಗೆಗೆ ಗೊತ್ತಿದೆ. ನಮ್ಮ ತುರೋರಿ ಮಹಾರಾಷ್ಟ್ರದಲ್ಲಿರುವುದರಿಂದ ಅದು ನನ್ನನ್ನು ಮರಾಠಿಯಲ್ಲಿ ಮಾತಾಡಿಸುತ್ತದೆ. ಅದಕ್ಕೇನೂ ಬೇಜಾರಿಲ್ಲ. ಅಂಗಡಿಯಲ್ಲಿ ಬೀಜ, ಗೊಬ್ಬರ ಮಾರುವುದು ಮರಾಠಿಯಲ್ಲಿ, ಊಟ ಮಾಡುವುದು ಕನ್ನಡದಲ್ಲಿ, ಸಿಟ್ಟು ಬಂದಾಗ ಎರಡೂ ಸಾಲದೆ ಉರ್ದುವಿಗೆ ಕೈ ಹಾಕುವುದು ನಮ್ಮ ಪದ್ಧತಿ. ಆದರೆ ಕನ್ನಡ ಸಿನಿಮಾಗಳನ್ನು ಪೆಟ್ಟಿಗೆ ಇತರ ಭಾಷೆಗಳು ಎಂಬ ಮೂಲೆಯಲ್ಲಿ, ಕೊನೆಯ ಪಂಕ್ತಿಯಲ್ಲಿ ಕೂರಿಸಿದೆ. ಆ ಪಂಕ್ತಿಯವರೆಗೆ ರಿಮೋಟಿನ ಬಾಣ ಒತ್ತಿ ಒತ್ತಿ ಹೆಬ್ಬೆರಳಿಗೆ ಜಡ್ಡು ಕಟ್ಟಿದೆ.

ಈಗ ಬೀಗರ ವಿಷಯ. ನನ್ನ ಮಗಳು ಸುವರ್ಣಾಳನ್ನು ಔರಾದ ಶಹಾಜನಿ ಎಂಬ ಊರಿಗೆ ಕೊಟ್ಟಿದ್ದೇವೆ. ಒಳ್ಳೆಯ ಜನ, ಹೊಲ ಮನೆ ಇದ್ದವರು, ನಗುವವರು. ಆದರೂ ಬೀಗರು ಬೀಗರೇ. ಅವರ ಎದುರು ಕೂತಾಗ ಗಂಡಸಿಗೆ ಅಂಗಿಯ ಕಾಲರು ತಾನಾಗಿ ನೆಟ್ಟಗಾಗುತ್ತದೆ. ಅವರ ಮನೆಯಲ್ಲಿ ಸುವರ್ಣಾಳ ನಾದಿನಿಯ ಮಗುವಿನ ತೊಟ್ಟಿಲ ಕಾರ್ಯಕ್ಕೆ ಹೋದಾಗ ಊಟವಾದ ಮೇಲೆ ಮಾತು ಸಿನಿಮಾದ ಕಡೆ ಹೊರಳಿತು. ಆಗ ಬೀಗಿತ್ತಿ ಕಾಶಿಬಾಯಿ, ಎಂದರೆ ಸುವರ್ಣಾಳ ಅತ್ತೆ, ತಮ್ಮ ಅರ್ಧ ಸಿನಿಮಾದ ಕಥೆ ಹೇಳಿದರು.

ಅವರು ಮದುವೆಯಾಗಿ ಬಂದ ಹೊಸದು. ಕಬ್ಬು ಅರೆಯುವ ಕಾಲಕ್ಕೆ ಹತ್ತಿರದ ಊರಿನಲ್ಲಿ ಟೆಂಟಿನ ಟಾಕೀಸು ಬಿಡಾರ ಹೂಡಿತ್ತಂತೆ. ಮನೆಮಂದಿಯೆಲ್ಲ ಚಕ್ಕಡಿ ಕಟ್ಟಿಕೊಂಡು ಹೋದರು. ಒಂದು ಕನ್ನಡ ಸಿನಿಮಾ. ನಾಯಕಿಯನ್ನು ಅತ್ತೆ ಮನೆಯಿಂದ ಹೊರಗೆ ಹಾಕುತ್ತಾಳೆ. ತುಂಬಿದ ಹೊಳೆ. ಆಕೆ ಅಳುತ್ತಾ ಬಂದು ದೋಣಿ ಹತ್ತುತ್ತಾಳೆ. ಅಂಬಿಗ ಮುಖಕ್ಕೆ ಟವೆಲು ಸುತ್ತಿಕೊಂಡು ಬೆನ್ನು ತಿರುಗಿಸಿ ಕೂತಿದ್ದಾನೆ. ನಡುಹೊಳೆಯಲ್ಲಿ ಹುಟ್ಟು ಹಾಕುವುದನ್ನು ನಿಲ್ಲಿಸಿ ಇತ್ತ ತಿರುಗುತ್ತಾನೆ, ಟವೆಲಿಗೆ ಕೈ ಹಾಕುತ್ತಾನೆ. ಅಷ್ಟರಲ್ಲಿ ಟೆಂಟಿನ ಹೊರಗೆ ಯಾರೋ ಕೂಗಿದರಂತೆ, ಔರಾದದವರ ಎತ್ತು ಕಣ್ಣಿ ಕಿತ್ತುಕೊಂಡು ಹೊರಟವು ಎಂದು. ಮನೆಮಂದಿಯೆಲ್ಲ ಎದ್ದು ಎತ್ತಿನ ಹಿಂದೆ ಓಡಿದರು. ಎತ್ತು ಸಿಕ್ಕಾಗ ಸಿನಿಮಾ ಮುಗಿದಿತ್ತು. ಮರುದಿನ ಟೆಂಟೂ ಎದ್ದು ಹೋಯಿತು.

"ಅಂವಾ ಅಂಬಿಗ ಯಾರಂತ ಇವತ್ತಿಗೂ ಗೊತ್ತಿಲ್ರೀ ನನಗ," ಎಂದರು ಕಾಶಿಬಾಯಿ. "ಸಾಯೋದ್ರಾಗ ಒಮ್ಮೆ ಆ ಟವೆಲ್ ತೆಗದಿದ್ದು ನೋಡಬೇಕು."

ಸುಮ್ಮನಿರಬೇಕಿತ್ತು ನಾನು. ಬೀಗರ ಮನೆಯ ಶೀಕರಣಿಯ ಸಿಹಿ ತಲೆಗೇರಿತ್ತೋ ಏನೋ, "ಅಷ್ಟೇ ಅಲ್ರೀ? ನಮ್ಮ ಮನಿ ಪೆಟ್ಟಿಗ್ಯಾಗ ಇಲ್ಲದ ಸಿನಿಮಾನೇ ಇಲ್ಲ. ಬರ್ರಿ, ಪೂರಾ ತೋರಸ್ತೀನಿ," ಎಂದುಬಿಟ್ಟೆ. ಸುವರ್ಣಾ ಅಲ್ಲೇ ಫೋನಿನಲ್ಲಿ ಹುಡುಕಿದಳು. ಆಶ್ಚರ್ಯ, ಆ ಸಿನಿಮಾ ಪಟ್ಟಿಯಲ್ಲಿ ಇತ್ತು! "ಅತ್ತಿ, ಈಗ ಫೋನಿನಾಗೇ ತೋರಸ್ಲೇನ್ರಿ?" ಎಂದು ಕೇಳಿದಳು. ಕಾಶಿಬಾಯಿ ಕೈ ಅಡ್ಡ ಹಿಡಿದರು. "ಛೇ, ಅಷ್ಟ್ ಸಣ್ಣದ್ರಾಗ ಹೊಳಿ ಹ್ಯಾಂಗ ಹಿಡೀತದ? ಬೀಗರ ಮನಿಯಾಗೇ ನೋಡ್ತೀನಿ. ಬರೋ ಸೋಮವಾರ ಬರ್ತೀವಿ."

ಸೋಮವಾರವೇ ಯಾಕೆ ಎಂದು ನಮ್ಮ ಕಡೆಯವರು ಕೇಳುವುದಿಲ್ಲ, ನೀವು ಕೇಳಬಹುದು. ಸೋಮವಾರ ಬಸವಣ್ಣನ ವಾರ. ಅವತ್ತು ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಎತ್ತಿಗೆ ಸುಟ್ಟಿ, ಎಂದರೆ ರಜೆ. ಎತ್ತಿಗೆ ರಜೆ ಎಂದರೆ ಎತ್ತಿನವರಿಗೂ ರಜೆ. ಒಕ್ಕಲು ಮನೆಯವರು ನೆಂಟರ ಮನೆಗೆ ಹೋಗುವುದು ಸೋಮವಾರವೇ. ಅದರಲ್ಲೂ ಬೀಗರ ಮನೆಗೆ ನೆಪವಿಲ್ಲದೆ ಹೋಗುವ ಹಾಗಿಲ್ಲ. ಕಾರ್ಯ ಇರಬೇಕು, ಕಾಯಿಲೆ ಇರಬೇಕು, ಇಲ್ಲವೇ ಬೀಗರೇ ಬಾಯಿಬಿಟ್ಟು ಕರೆದಿರಬೇಕು. ನಾನು ಬಾಯಿ ಬಿಟ್ಟಿದ್ದೆ.

ಶುಕ್ರವಾರ ಗುಂಡಿ ಒತ್ತಿದೆ. ಪೆಟ್ಟಿಗೆ ಗುಂಯ್ ಎಂದು ಕೆಲಸಕ್ಕೆ ಹತ್ತಿತು. ಸಿನಿಮಾ ಬಂದಷ್ಟೂ ಉದ್ದವಾಗುವ ಒಂದು ಪಟ್ಟಿ ಕಾಣಿಸಿ, ಇನ್ನು ಇಷ್ಟು ಹೊತ್ತು ಬೇಕು ಎಂದು ಹೇಳಿತು. ಚಹಾ ಕುಡಿದು ಬಂದು ನೋಡಿದರೆ ಹೊತ್ತು ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಮತ್ತೆ ನೋಡಿದರೆ ಒಮ್ಮೆಲೇ ಇಳಿದಿತ್ತು. ತುರೋರಿಯಲ್ಲಿ ನಿಂತು ಉಮರ್ಗಾ ಎಷ್ಟು ದೂರ ಎಂದು ಕೇಳಿದರೆ ಒಬ್ಬ ಇಲ್ಲೇ ಅನ್ನುತ್ತಾನೆ, ಇನ್ನೊಬ್ಬ ಆಕಾಶ ನೋಡುತ್ತಾನೆ. ಪೆಟ್ಟಿಗೆ ಇಬ್ಬರ ಮಾತನ್ನೂ ಒಂದೇ ಬಾಯಲ್ಲಿ ಆಡುತ್ತಿತ್ತು.

ಇಂಟರ್ನೆಟ್ಟಿನದೂ ತಪ್ಪಿಲ್ಲ. ನಮ್ಮ ಮನೆಗೆ ಬರುವ ತಂತಿ ಹೆದ್ದಾರಿ ದಾಟಿ ಬರಬೇಕು. ಕಬ್ಬಿನ ಕಾಲದಲ್ಲಿ ಮುಗಿಲೆತ್ತರ ಹೇರಿಕೊಂಡ ಟ್ರಾಲಿಗಳು ಹೋಗುವಾಗ ಯಾವುದಾದರೊಂದು ಕಬ್ಬು ತಂತಿಗೆ ಕೊಂಡಿ ಹಾಕಿ ಎಳೆದುಕೊಂಡು ಹೋಗುತ್ತದೆ. ಕಡಿದಾಗಲೆಲ್ಲ ಬಂದು ಜೋಡಿಸುತ್ತಾರೆ. ಹೀಗೆ ಜೋಡಿಸಿ ಜೋಡಿಸಿ ಅದರಲ್ಲಿ ಈಗ ತಂತಿಗಿಂತ ಗಂಟೇ ಹೆಚ್ಚು. ಪ್ರತಿ ಗಂಟಿಗೂ ಸಿನಿಮಾ ಸ್ವಲ್ಪ ಎಡವುತ್ತದೆ ಎಂಬುದು ನನ್ನ ವೈಜ್ಞಾನಿಕ ಸಿದ್ಧಾಂತ. ನನ್ನ ಹೆಂಡತಿ ಇದನ್ನು ಒಪ್ಪುವುದಿಲ್ಲ. ಆಕೆ ನನ್ನ ಯಾವ ಸಿದ್ಧಾಂತವನ್ನೂ ಒಪ್ಪಿದವಳಲ್ಲ.

ಶನಿವಾರ, ಭಾನುವಾರ ನಾನು ಅಂಗಡಿಯಿಂದ ದಿನಕ್ಕೆ ನಾಲ್ಕಾರು ಸಲ ಮನೆಗೆ ಬಂದು ಪಟ್ಟಿ ನೋಡಿದೆ. ಕಾದು ನೋಡುವವರ ಎದುರು ಅದು ಬೆಳೆಯುವುದಿಲ್ಲ, ನಾಚುತ್ತದೆ. ಬೆನ್ನು ತಿರುಗಿಸಿದರೆ ಒಂದು ಕೂದಲಿನಷ್ಟು ಮುಂದೆ ಹೋಗುತ್ತದೆ. ನಾನು ಬೆನ್ನು ತಿರುಗಿಸಿ ನಿಂತು ಓರೆಗಣ್ಣಿನಲ್ಲಿ ನೋಡುವುದನ್ನೂ ಅಭ್ಯಾಸ ಮಾಡಿದೆ. ಅದು ಮೋಸ ಹೋಗಲಿಲ್ಲ. ಭಾನುವಾರ ಸಂಜೆಗೆ ಅರ್ಧ ದಾಟಿತ್ತು. ಸೋಮವಾರ ಮಧ್ಯಾಹ್ನ ಬೀಗರು ಊಟಕ್ಕೆ ಕೂರುವ ಹೊತ್ತಿಗೆ ಮುಗಿಯುತ್ತದೆ ಎಂದು ಪೆಟ್ಟಿಗೆಯ ಮಾತನ್ನೇ ನಂಬಿ ಲೆಕ್ಕ ಹಾಕಿ ನಿಶ್ಚಿಂತೆಯಿಂದ ಮಲಗಿದೆ, ಬೆಳಗ್ಗೆ ಎದ್ದು ನಿಶ್ಚಿಂತೆಯಿಂದ ಅಂಗಡಿಗೆ ಹೋದೆ.

ನನ್ನ ಲೆಕ್ಕದಲ್ಲಿ ಅವ್ವ ಇರಲಿಲ್ಲ.

ನನ್ನ ಅವ್ವ ಸೋಮವಾರ ಬೆಳಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ ಕೊಟ್ಟಿಗೆಗೆ ಹೋಗುತ್ತಾಳೆ. ಎರಡೂ ಎತ್ತಿನ ಹಣೆಗೆ ವಿಭೂತಿ ಹಚ್ಚಿ, ಹೆಗಲ ಮೇಲೆ ಕೈಯಾಡಿಸಿ, ಬಾವು ಬಂದಿದೆಯೇ ನೋಡಿ, ಬೆಲ್ಲ ತಿನ್ನಿಸಿ ಒಳಗೆ ಬರುತ್ತಾಳೆ. ಅವತ್ತೂ ಬಂದಿದ್ದಾಳೆ. ಪೆಟ್ಟಿಗೆಯ ಮುಂದೆ ಹಾಯುವಾಗ ಅದು ಗುಂಯ್ ಅನ್ನುವುದು ಕೇಳಿದೆ. ಶುಕ್ರವಾರದಿಂದ ಬಿಡುವಿಲ್ಲದೆ ಗುಂಯ್ ಅನ್ನುವುದನ್ನು ಕೇಳುತ್ತಲೇ ಇದ್ದಾಳೆ. ಎತ್ತಿನ ಹೆಗಲು ಮುಟ್ಟಿ ಬಂದ ಕೈಯನ್ನು ಅದರ ಮೇಲೂ ಇಟ್ಟಿದ್ದಾಳೆ. ಸುಡುತ್ತಿತ್ತಂತೆ. ಅವಳಿಗೆ ಕರುಳು ಕಿತ್ತು ಬಂದಿದೆ. ಸ್ವಿಚ್ಚು ಆರಿಸಿ, ಸೆರಗಿನಿಂದ ಒರೆಸಿ, ವಿಭೂತಿ ಹಚ್ಚಿ, ಒಂದು ಚೆಂಡುಹೂವು ಇಟ್ಟು, ಗಾಳಿ ಆಡಲಿ ಎಂದು ಕಿಟಕಿಯನ್ನೂ ತೆರೆದು ಹೋಗಿದ್ದಾಳೆ.

ಮಧ್ಯಾಹ್ನ ನಾನು ಬಸ್ಸಿನಿಂದ ಬೀಗರನ್ನು ಇಳಿಸಿಕೊಂಡು ಬಂದೆ. ಕಾಶಿಬಾಯಿ, ಅವರ ಯಜಮಾನ ರೇವಣಪ್ಪ, ಜೊತೆಗೆ ಸುವರ್ಣಾ. ಎಮ್ಮೆ ನೋಡಿಕೊಳ್ಳಲು ಅಳಿಯ ಮನೆಯಲ್ಲೇ ಉಳಿದಿದ್ದ. ಸುವರ್ಣಾ ಆಯಿ ಎಂದು ಕರೆಯುವ ನನ್ನ ಅವ್ವ ಮೊಮ್ಮಗಳ ಕೆನ್ನೆ ಹಿಡಿದು ದೃಷ್ಟಿ ತೆಗೆದಳು, ಬಿಟ್ಟಳು, ಮತ್ತೆ ಹಿಡಿದಳು. ನಾನು ಠೀವಿಯಿಂದ ಟಿವಿಯ ಕಡೆ ಹೋಗಿ ನೋಡಿದರೆ ಪೆಟ್ಟಿಗೆ ಹಣೆಗೆ ಮೂರು ಬೆರಳಿನ ವಿಭೂತಿ ಧರಿಸಿ ಸಮಾಧಿ ಸ್ಥಿತಿಯಲ್ಲಿತ್ತು.

"ಅವ್ವಾ, ಇದನ್ನ ಯಾರು ಆರಿಸಿದ್ರು?"

"ನಾನೇ," ಎಂದಳು ಅವ್ವ, ಎತ್ತಿಗೆ ನೀರು ಕುಡಿಸಿದವರು ಯಾರು ಎಂದು ಕೇಳಿದರೆ ಹೇಳುವಂತೆ. "ಶುಕ್ರವಾರದಿಂದ ದುಡೀಲತ್ತದ. ಮೈ ಹೆಂಚಿನಂಗ ಕಾದದ. ಇವತ್ತ ಸೋಮವಾರ ಚನ್ನಪ್ಪ, ಒಂದಿನ ಉಸರ ತಕ್ಕೊಳ್ಳಿ ಬಿಡು."

"ಅದು ಮಶೀನ್ ಅದ ಅವ್ವಾ! ಟ್ರ್ಯಾಕ್ಟರಿಗಿ ಸೋಮವಾರ ಸುಟ್ಟಿ ಕೊಡ್ತೀಯೇನು?"

ಇದನ್ನು ನಾನು ಕೇಳಬಾರದಿತ್ತು. ಊರಿಗೆ ಟ್ರ್ಯಾಕ್ಟರು ಬಂದಾಗ ಈ ಪ್ರಶ್ನೆ ಎದ್ದು ಅವ್ವ ಆಗಲೇ ತೀರ್ಪು ಕೊಟ್ಟಿದ್ದಳು. ಈಗ ಬೀಗರ ಮುಂದೆ ಅದನ್ನು ಮತ್ತೊಮ್ಮೆ ಓದಿದಳು. "ಟ್ರ್ಯಾಕ್ಟರ್ ಒದರತದ. ಒದರೋದಕ್ಕ ಯಾಕ ಸುಟ್ಟಿ? ತನ್ನ ಕಷ್ಟ ತಾ ಹೇಳ್ಕೋತದ. ಇದು ಬಾಯಿ ಬಿಡಲ್ದ ದುಡೀತದ. ಬಾಯಿ ಬಿಡಲ್ದವರನ್ನ ನಾವೇ ನೋಡ್ಕೋಬೇಕು."

"ಬರೋಬ್ಬರಿ ಅಂದ್ರಿ," ಎಂದು ರೇವಣಪ್ಪ ತಲೆದೂಗಿದರು. ಅವರ ಮನೆಯಲ್ಲಿ ಬಾಯಿ ಬಿಡದವರು ಅವರೊಬ್ಬರೇ.

ಮಾಡುವುದೇನು? ಪೆಟ್ಟಿಗೆ ಹಚ್ಚಿದೆ. ಅದು ನಿದ್ದೆಯಿಂದ ಎದ್ದು, ಬಿಟ್ಟಲ್ಲಿಂದಲೇ ಮತ್ತೆ ಶುರು ಮಾಡಿ, ಉಳಿದ ಅರ್ಧಕ್ಕೆ ಇನ್ನೂ ಒಂದು ದಿನ ಬೇಕು ಎಂದಿತು. ಬಂದಷ್ಟು ಸಿನಿಮಾವನ್ನು ನೋಡಲು ಅಡ್ಡಿ ಇರಲಿಲ್ಲ. ಅಷ್ಟರಲ್ಲಿ ಮುಂದಿನದು ಬಂದರೂ ಬರಬಹುದು ಎಂಬ ಆಸೆಯಿಂದ ಹಚ್ಚಿಯೇಬಿಟ್ಟೆ. ಊಟ ಮಾಡುತ್ತಾ ಎಲ್ಲರೂ ನೋಡಿದೆವು. ಕಾಶಿಬಾಯಿಗೆ ಪ್ರತಿ ಮಾತೂ ನೆನಪಿತ್ತು. ಸಿನಿಮಾದ ಅತ್ತೆ ಬಾಯಿ ತೆರೆಯುವ ಮೊದಲೇ ಅವರು ಬಯ್ಯುತ್ತಿದ್ದರು. ನಾಯಕಿ ಹೊರಗೆ ಬಿದ್ದಳು. ಹೊಳೆ ಬಂತು. ದೋಣಿ ಬಂತು. ಕಾಶಿಬಾಯಿ ಕೈಯಲ್ಲಿದ್ದ ರೊಟ್ಟಿಯ ತುತ್ತು ಕೈಯಲ್ಲೇ ಉಳಿಯಿತು. ಅಂಬಿಗ ಹುಟ್ಟು ನಿಲ್ಲಿಸಿದ, ತಿರುಗಿದ, ಟವೆಲಿಗೆ ಕೈ ಹಾಕಿದ.

ನಿಂತುಬಿಟ್ಟಿತು. ಅಂಬಿಗನ ಮೂಗಿನ ಮೇಲೆ ಒಂದು ಚಕ್ರ ಗಿರಗಿರ ತಿರುಗತೊಡಗಿತು.

ನನಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಮಗಳ ಅತ್ತೆಯನ್ನು ಮನೆಗೆ ಕರೆದು, ಅವರ ಆಯುಷ್ಯದ ಒಂದೇ ಒಂದು ಆಸೆಯನ್ನು ಟವೆಲಿನವರೆಗೆ ತಂದು ಕೈಬಿಟ್ಟವನು ನಾನು. ಆದರೆ ಕಾಶಿಬಾಯಿ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಆವಾಗ ಎತ್ತು ಓಡಿ ಹೋದವು, ಈಗ ಎತ್ತಿಂದು ಸುಟ್ಟಿ ಅಡ್ಡ ಬಂತು. ನನ್ನ ಸಿನಿಮಾದಾಗ ಎತ್ತಿಂದೇ ದೊಡ್ಡ ಪಾರ್ಟು ನೋಡ್ರಿ!"

ಆಮೇಲೆ ಅಂಬಿಗ ಯಾರು ಎಂಬ ಚರ್ಚೆ ಎದ್ದಿತು. ನಾಯಕಿಯ ಗಂಡನೇ ಎಂದಳು ನನ್ನ ಹೆಂಡತಿ. ಕಳೆದುಹೋದ ಅಣ್ಣ ಎಂದರು ರೇವಣಪ್ಪ. ಅಂಬಿಗ ಅಂದ ಮೇಲೆ ಸಾಕ್ಷಾತ್ ಶಿವ, ಅದರಲ್ಲಿ ಕೇಳುವುದೇನು ಎಂದಳು ಅವ್ವ. ಕಾಶಿಬಾಯಿ ಎಲ್ಲರ ಮಾತು ಕೇಳಿ ಹೇಳಿದರು: "ಹೊಸದಾಗಿ ಮದುವಿ ಆದಾಗ ನಾನೂ ಗಂಡ ಅಂತ ಅನ್ಕೊಂಡಿದ್ದೆ. ಅತ್ತಿ ಬೈದ ದಿನ ಅಣ್ಣ ಇರಬೇಕು ಅನಸ್ತಿತ್ತು. ಮಗ ಹುಟ್ಟಿದ ಮ್ಯಾಲ, ಆಕಿ ಮಗನೇ ದೊಡ್ಡಾಂವ ಆಗಿ ಬಂದಾನ ಅಂತ ಕನಸು ಬಿತ್ತು. ಈಗ ಯಾರಾದ್ರೂ ಇರಲಿ ತಗೀರಿ, ಆಕಿ ಹೊಳಿ ದಂಡಿ ಮುಟ್ಟಿದ್ರ ಸಾಕು."

ಚಕ್ರ ತಿರುಗುತ್ತಲೇ ಇತ್ತು. ಪೂರ್ತಿ ನೋಡಿದ ಎಷ್ಟೋ ಸಿನಿಮಾಗಳನ್ನು ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಮರೆತಿದ್ದೇನೆ. ಈ ಹೆಂಗಸು ಅರ್ಧ ಸಿನಿಮಾವನ್ನು ಇಟ್ಟುಕೊಂಡು ಒಂದು ಜನ್ಮದ ಕಥೆ ಬೆಳೆಸಿದ್ದರು.

ಸಂಜೆಯ ಬಸ್ಸಿಗೆ ಬೀಗರು ಹೋದರು. ಮಂಗಳವಾರ ನೊಗ ಕಾಯುವುದಿಲ್ಲ. ಸುವರ್ಣಾ ಬಸ್ಸು ಹತ್ತಿದ ಮೇಲೂ ಅವ್ವ ಹೆದ್ದಾರಿಯ ಅಂಚಿನಲ್ಲಿ ನಿಂತೇ ಇದ್ದಳು. ಮಂಗಳವಾರ ಸಿನಿಮಾ ಪೂರ್ತಿ ಬಂತು. ಈ ಬಾಡಿಗೆ ಸಿನಿಮಾಗಳ ಗುಣ ಇನ್ನೊಂದಿದೆ, ನೋಡಲು ಶುರು ಮಾಡಿದ ಎರಡು ದಿನಕ್ಕೆ ತಾವಾಗಿ ಮಾಯವಾಗುತ್ತವೆ. ಅದಕ್ಕೇ ನಾನೂ ನನ್ನ ಹೆಂಡತಿಯೂ ಅವಸರದಿಂದ ಕೂತು ಕೊನೆಯವರೆಗೆ ನೋಡಿದೆವು. ಅವ್ವ ಮಾತ್ರ ಬೀಗಿತ್ತಿ ನೋಡದೆ ತಾನು ನೋಡುವುದಿಲ್ಲ ಎಂದು ಎದ್ದು ಹೋದಳು. ಅಂಬಿಗ ಯಾರು ಎಂದು ಈಗ ನನಗೆ ಗೊತ್ತು. ನಿಮಗೆ ಹೇಳುವುದಿಲ್ಲ, ಸಿನಿಮಾದ ಹೆಸರನ್ನೂ ಹೇಳುವುದಿಲ್ಲ. ನೀವು ಎಂದಾದರೂ ಔರಾದದ ಸಂತೆಗೆ ಹೋಗುವವರಿರಬಹುದು.

ಬುಧವಾರ ಸಿನಿಮಾ ಮಾಯವಾಯಿತು. ಕಾಶಿಬಾಯಿ ಫೋನು ಮಾಡಿದರು. "ಏನೂ ಹೇಳಬ್ಯಾಡ್ರಿ ಬೀಗರೇ. ಸೋಮವಾರ ಮತ್ತ ಬರ್ತೀವಿ, ಸುವರ್ಣಾನ್ನೂ ಕರಕೊಂಡು."

ಈ ಸಲ ನಾನು ಕಚ್ಚೆ ಕಟ್ಟಿದೆ. ಅವತ್ತೇ ಮತ್ತೆ ಗುಂಡಿ ಒತ್ತಿದೆ. ದಾರಿಯಲ್ಲಿ ಕಬ್ಬಿನ ಟ್ರಾಲಿ ಬಂದಾಗಲೆಲ್ಲ ಅಂಗಡಿಯಿಂದ ಹೊರಗೆ ಬಂದು ತಂತಿಯ ಕಡೆ ಕೈಮುಗಿದೆ. ಭಾನುವಾರ ಹೊತ್ತು ಮುಳುಗುವ ಮೊದಲೇ ಪೂರ್ತಿ ಬಂದಿತ್ತು. ಪೆಟ್ಟಿಗೆಯನ್ನು ನಾನೇ ಆರಿಸಿ ಅವ್ವನಿಗೆ ಹೇಳಿದೆ: "ನಾಳೆ ಇದಕ್ಕ ದುಡಿಮಿ ಇಲ್ಲ ಅವ್ವಾ. ಸಿನಿಮಾ ಪೂರಾ ಬಂದದ."

ಅವ್ವನ ಮುಖ ಸಣ್ಣದಾಯಿತು. "ಪೂರಾ ಬಂದದೇನು?"

"ಪೂರಾ."

"ಹಂಗಾದ್ರ ನಾಳೆ ಪೂರಾ ನೋಡಿ ಹೋಗ್ತಾರ."

"ಹೋಗ್ತಾರ. ಯಾಕ?"

"ಏನಿಲ್ಲ ಬಿಡು," ಎಂದು ಅವ್ವ ಕೊಟ್ಟಿಗೆಯ ಕಡೆ ಹೋದಳು.

ಸೋಮವಾರ ಬೀಗರು ಬಂದರು. ಅವ್ವ ಮೊಮ್ಮಗಳ ಕೆನ್ನೆ ಬಿಡಲು ಮತ್ತೆ ಅಷ್ಟೇ ಹೊತ್ತಾಯಿತು. ಊಟಕ್ಕೆ ಕೂತೆವು, ಸಿನಿಮಾ ಹಚ್ಚಿದೆ. ಅತ್ತೆ ಬೈದಳು, ಹೊಳೆ ತುಂಬಿತು, ದೋಣಿ ಬಂತು. ಅಂಬಿಗ ತಿರುಗಿದ, ಟವೆಲಿಗೆ ಕೈ ಹಾಕಿದ. ಟಪ್ ಎಂದು ಕರೆಂಟು ಹೋಯಿತು.

ನಾನು ಅಯ್ಯೋ ಎಂದು ಎದ್ದೆ. ಎದುರುಮನೆಯ ಹಿಟ್ಟಿನ ಗಿರಣಿ ಮಾತ್ರ ತನ್ನ ಪಾಡಿಗೆ ಗರಗರ ತಿರುಗುತ್ತಿತ್ತು. ಪಡಸಾಲೆಯ ಬಾಗಿಲಲ್ಲಿ, ಮೇನ್ ಸ್ವಿಚ್ಚಿನ ಕೆಳಗೆ, ಅವ್ವ ನಿಂತಿದ್ದಳು. ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು.

"ಕರೆಂಟ್ ಹೋತು ಅನಸ್ತದ," ಎಂದಳು ಗೋಡೆ ನೋಡುತ್ತಾ.

ನಾನು ಬಾಯಿ ತೆರೆಯುವುದರೊಳಗೆ ಕಾಶಿಬಾಯಿ ಹೇಳಿದರು, ಗಿರಣಿಯ ಸದ್ದಿಗಿಂತ ಗಟ್ಟಿಯಾಗಿ: "ಹೋಗ್ಲಿ ತಗೀರಿ. ಪಾಪ, ಅದಕ್ಕೂ ಸೋಮವಾರ. ಬರೋ ವಾರ ಬರ್ತೀವಿ, ಅದಕ್ಕೇನಾತು?"

ಸಂಜೆ ಬಸ್ಸು ಕಾಯುವಾಗ ನಾನು ಮಗಳನ್ನು ಪಕ್ಕಕ್ಕೆ ಕರೆದು, ನಿಮ್ಮ ಅತ್ತೆಗೆ ಎಷ್ಟು ಬೇಜಾರಾಯಿತೋ, ಫೋನಿನಲ್ಲಾದರೂ ಉಳಿದದ್ದನ್ನು ತೋರಿಸಿಬಿಡು ಎಂದೆ. ಸುವರ್ಣಾ ಅತ್ತೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಅಪ್ಪಾ, ಅತ್ತಿ ತೊಟ್ಟಿಲ ಕಾರ್ಯ ಆದ ಮರುದಿನಾನೇ ಫೋನಿನಾಗ ಪೂರಾ ನೋಡ್ಯಾರ. 'ನಿಮ್ಮ ಅಪ್ಪಗ ಹೇಳಬ್ಯಾಡ, ನಿಮ್ಮ ಆಯಿ ನಿನ್ನ ದಾರಿ ನೋಡ್ತಿರತಾಳ' ಅಂದಾರ."

ಅತ್ತ ಬೇವಿನ ಗಿಡದ ಕೆಳಗೆ ಅವ್ವನೂ ಕಾಶಿಬಾಯಿಯೂ ಅಂಬಿಗ ಯಾರಿರಬಹುದು ಎಂದು ಬಲು ಗಂಭೀರವಾಗಿ ವಾದ ಮಾಡುತ್ತಿದ್ದರು. ನಾನು ಮನೆಗೆ ಬಂದು ಮೇನ್ ಸ್ವಿಚ್ಚು ಹಾಕಿದೆ. ಈ ಸಿನಿಮಾವೂ ಎರಡು ದಿನಕ್ಕೆ ಮಾಯವಾಯಿತು, ಪೆಟ್ಟಿಗೆ ಈಗ ಅದನ್ನೇ ಮತ್ತೆ ಮೊದಲಿಂದ ತರುತ್ತಿದೆ. ಇನ್ನೂ ಕಾಲು ಭಾಗವೂ ಬಂದಿಲ್ಲ. ಹೋದ ಸಲ ತಾಸಿಗೊಮ್ಮೆ ಪಟ್ಟಿ ನೋಡುತ್ತಿದ್ದ ನಾನು ಇವತ್ತು ಅದರ ಮೈ ಮುಟ್ಟಿ ನೋಡಿ, ಬಿಸಿಯಾಗಿದೆ ಎಂದು ಕಿಟಕಿ ತೆರೆದಿಟ್ಟು ಬಂದೆ.